ಮಾತು ಬಿಟ್ಟವರ ಗಿಡ

ಸ್ಲೇನ್, ಐರ್ಲೆಂಡ್
೨೫ ಮೇ ೨೦೨೫

ಚಿ. ಸೌ. ಮಹಾಂತಮ್ಮಳಿಗೆ,

ಆಶೀರ್ವಾದ. ನಾನು ಕ್ಷೇಮವಾಗಿ ತಲುಪಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಉಸಿರಾಡುವ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. "ಮಾತು ಬಿಟ್ಟೀನಿ, ಬರಿಯೂದು ಬಿಟ್ಟಿಲ್ಲ" ಎಂದು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದವಳು ನೀನೇ. ಆದ್ದರಿಂದ ಈ ಈಮೇಲು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ನಾನು ಇಲ್ಲಿಗೆ ಬಂದದ್ದು ಇತಿಹಾಸ ನೋಡಲಿಕ್ಕೆ. ಗುರುವಾರ ಹಿಮ್ಮೆಲ್‌ಫಾರ್ಟ್ ರಜೆ, ಶುಕ್ರವಾರ ಎಲ್ಲರೂ ಹಾಕುವ ಬ್ರ್ಯುಕೆನ್‌ಟಾಗ್ ಎಂಬ ಸೇತುವೆ ರಜೆ, ಅದಕ್ಕೆ ನನ್ನ ರಜೆಯ ಕೆಲವು ದಿನ ಸೇರಿಸಿದರೆ ಒಂದು ವಾರ ಸಿಗುತ್ತದೆ. ಗಂಗಾವತಿಯ ಹತ್ತಿರ ಮೊರೇರ ಗುಡ್ಡದ ಬುಡದಲ್ಲಿ ಹುಟ್ಟಿದವನು ಜಗತ್ತಿನ ಹಳೆಯ ಕಲ್ಲುಮನೆಗಳನ್ನು ನೋಡಬೇಕೆಂದು ಆಸೆಪಟ್ಟರೆ ಅದರಲ್ಲಿ ಸಂಶಯಪಡುವಂಥದ್ದು ಏನಿದೆ? ನಮ್ಮ ಮಗಳು ಇದೇ ದೇಶದಲ್ಲಿ ಕೆಲಸದಲ್ಲಿರುವುದು ಬರೀ ಕಾಕತಾಳೀಯ.

ಇವತ್ತು ನ್ಯೂಗ್ರೇಂಜ್ ನೋಡಿದೆ. ಹಸಿರು ಹುಲ್ಲು ಹೊದ್ದ ದೊಡ್ಡ ದಿಬ್ಬ, ಒಳಗೆ ಕಲ್ಲಿನ ಸುರಂಗ. ಪಿರಮಿಡ್ಡಿಗಿಂತ ಹಳೆಯದು. ಚಳಿಗಾಲದಲ್ಲಿ, ವರ್ಷದ ಅತಿ ಚಿಕ್ಕ ಹಗಲಿನ ಬೆಳಿಗ್ಗೆ, ಸೂರ್ಯನ ಬೆಳಕು ನೇರ ಒಳಗಿನ ಕೋಣೆಗೆ ಬೀಳುತ್ತದಂತೆ. ಬೇರೆ ದಿನ ಬಂದವರಿಗೆ ಗೈಡ್ ಹುಡುಗಿ ದೀಪ ಆರಿಸಿ, ಬಲ್ಬು ಹಚ್ಚಿ, "ಹೀಗೆ ಬರುತ್ತದೆ" ಎಂದು ತೋರಿಸುತ್ತಾಳೆ. ಎಲ್ಲರೂ ಬಲ್ಬಿಗೇ "ಆಹಾ" ಎಂದರು. ನಾನೂ ಎಂದೆ.

ಇಲ್ಲಿ ಗಂಗಾವತಿಯಂತೆ ಎಡಗಡೆ ಓಡಿಸುತ್ತಾರೆ. ತಲೆಗೆ ನೆನಪಿದೆ, ಕೈಗಳು ಮಾತ್ರ ಪೂರ್ತಿ ಜರ್ಮನ್ ಆಗಿವೆ. ಬಾಡಿಗೆ ಕಾರಿನ ಬ್ರೇಕು ಪರವಾಗಿಲ್ಲ. ಇಪ್ಪತ್ತನಾಲ್ಕು ವರ್ಷ ಅಬ್‌ಸ್ಟಾಟ್‌ನಲ್ಲಿ ಬ್ರೇಕ್ ಪರೀಕ್ಷೆ ಮಾಡಿದವನು ಹೇಳುತ್ತಿದ್ದೇನೆ.

ಇತಿ,
ಬಸಲಿಂಗಯ್ಯ

*

ಅಬ್‌ಸ್ಟಾಟ್, ಜರ್ಮನಿ
೨೬ ಮೇ ೨೦೨೫

ಇತಿಹಾಸಪ್ರಿಯ ಯಜಮಾನರಿಗೆ,

ನಿಮ್ಮ ಆಶೀರ್ವಾದ ತಲುಪಿತು. ಅದನ್ನು ಮಗಳು ಪವಿಗೆ ಕಳಿಸಿದ್ದರೆ ಚೆನ್ನಾಗಿತ್ತು. ನನ್ನ ಹತ್ತಿರ ಮದುವೆಯಾದಾಗಿನಿಂದ ಬಂದದ್ದೇ ಖರ್ಚಾಗದೆ ಬಿದ್ದಿದೆ.

ಕಾಕತಾಳೀಯ ಎಂಬ ಪದವನ್ನು ನೀವು ಬಳಸಿದ್ದು ನೋಡಿ ನಗು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕುಂಬಳಕಾಯಿ ಎಂದೇ ಇರಲಿಲ್ಲ.

ನಮ್ಮ ಲೆಕ್ಕ ಏನೆಂದು ಮತ್ತೊಮ್ಮೆ ಬರೆಯುತ್ತೇನೆ. ಸಂಕ್ರಾಂತಿಯ ದಿನ ಮಗಳು ವಿಡಿಯೋದಲ್ಲಿ ಬಂದು ಐರ್ಲೆಂಡಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ನೀವು ಬಟನ್ ಒತ್ತಿ ಎದ್ದು ಹೋದಿರಿ. ಎಳ್ಳು ಬೆಲ್ಲದಂಗ ಇರೂಣು ಎಂದು ಕುಸುರೆಳ್ಳು ಹಂಚುವ ದಿನವೇ ಹೆತ್ತ ಮಗಳ ಜೊತೆ ಮಾತು ಬಿಟ್ಟ ಮನುಷ್ಯ ನೀವೊಬ್ಬರೇ ಇರಬೇಕು. ನೀವು ಆಕೆಯ ಜೊತೆ ಬಿಟ್ಟಿರಿ, ನಾನು ನಿಮ್ಮ ಜೊತೆ ಬಿಟ್ಟೆ. ಆಕೆಯ ಜೊತೆ ಬಾಯಿಬಿಟ್ಟು ಒಂದು ಮಾತಾಡಿ, ಆ ದಿನವೇ ನಾನೂ ಆಡುತ್ತೇನೆ. ಆಗಸ್ಟಿನಲ್ಲಿ ಮದುವೆ. "ಪಾಪಾ ಬರದಿದ್ದರೂ ಆಗುತ್ತದೆ" ಎಂದು ಹೇಳಿದ್ದಾಳೆ. ಹೇಳುವಾಗ ಅತ್ತಿದ್ದಾಳೆ. ಇದು ನಿಮಗೆ ಗೊತ್ತಿರಲಿ ಎಂದು ಬರೆದೆ.

ಹುಡುಗನ ಹೆಸರು ಟೈಗ್ ಎಂದು ಬೇಕರಿಯಲ್ಲಿ ಹೇಳಿದೆ. ಕೌಂಟರಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜರ್ಮನ್‌ನಲ್ಲಿ ಟೈಗ್ ಎಂದರೆ ನಾದಿದ ಹಿಟ್ಟು, ನಮ್ಮ ಕಣಕ. ಬೆಳಗಿನಿಂದ ಸಂಜೆಯವರೆಗೆ ನಾನು ಮಾಡುವುದು ಅದೇ ಕೆಲಸ. "ಫ್ರಾವ್ ಮಹಾಂತಮ್ಮನ ಅಳಿಯ ಕಣಕ" ಎಂದು ಹೆಸರಾಗಿದೆ. ಆಗಲಿ. ನಾದಿದರೆ ಮೆತ್ತಗಾಗುವ ಅಳಿಯನೇ ಒಳ್ಳೆಯದು. ಕೆಲವರು ಮೂವತ್ತು ವರ್ಷ ನಾದಿದರೂ ಆಗುವುದಿಲ್ಲ.

ಈ ವಾರ ಕೇರ್‌ವೋಖೆಯ ಫಲಕ ನಮ್ಮ ಬಾಗಿಲಿಗೇ ತೂಗಿದೆ. ಮೆಟ್ಟಿಲು ಗುಡಿಸುವ ಪಾಳಿ ನಮ್ಮದಿದ್ದಾಗಲೇ ನಿಮಗೆ ಇತಿಹಾಸ ನೆನಪಾಗುತ್ತದೆ. ಮನೆಯೊಡತಿ ಫ್ರಾವ್ ಹೇಫೆಲೆ ಕೆಳಗೆ ನಿಂತು, "ನಿಮ್ಮ ಯಜಮಾನರು ಗುಡಿಸಿದರೆ ಮೂಲೆ ಮೂಲೆ ಹೊಳೆಯುತ್ತದೆ" ಎಂದು ಹೊಗಳಿದಳು. ಊರವರ ಮೆಟ್ಟಿಲು ಹೊಳೆಯಲಿ ಬಿಡಿ.

ಮಹಾಂತಮ್ಮ

*

ತಾರಾ, ಐರ್ಲೆಂಡ್
೨೭ ಮೇ ೨೦೨೫

ಚಿ. ಸೌ. ಮಹಾಂತಮ್ಮಳಿಗೆ,

ಹೊಗಳಿಕೆಯನ್ನು ಫ್ರಾವ್ ಹೇಫೆಲೆಗೆ ಧನ್ಯವಾದಗಳೊಂದಿಗೆ ಒಪ್ಪಿಸು. ಹೂಕುಂಡದ ಹಿಂದೆ ಗುಡಿಸಲು ಮರೆಯಬೇಡ. ಆಕೆ ಅಲ್ಲಿ ಬೆರಳಾಡಿಸಿ ನೋಡುತ್ತಾಳೆ.

ಇವತ್ತು ತಾರಾ ಗುಡ್ಡ ಹತ್ತಿದೆ. ಐರಿಶ್ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಜಾಗ. ಈಗ ಹುಲ್ಲು, ಗಾಳಿ, ಕುರಿ. ತುದಿಯಲ್ಲಿ ಒಂದು ನಿಂತ ಕಲ್ಲಿದೆ. ನಿಜವಾದ ರಾಜ ಮುಟ್ಟಿದರೆ ಆ ಕಲ್ಲು ಕೂಗುತ್ತಿತ್ತಂತೆ. ಯಾರೂ ಇಲ್ಲದಿದ್ದಾಗ ನಾನೂ ಕೈ ಇಟ್ಟೆ. ಕೂಗಲಿಲ್ಲ. ಮನೆಯಲ್ಲಿ ನಡೆಯದ ಅಧಿಕಾರ ಗುಡ್ಡದ ಮೇಲೆ ಎಲ್ಲಿಂದ ನಡೆಯಬೇಕು?

ಹುಡುಗನ ವಿಷಯ ನೀನೇ ತೆಗೆದದ್ದರಿಂದ ಎರಡು ಮಾತು. ಒಂದು, ಕನ್ನಡದಲ್ಲಿ ನಾವು ಬರೆದಂತೆ ಓದುತ್ತೇವೆ. ಇವರು ಟಿ-ಎ-ಡಿ-ಎಚ್-ಜಿ ಎಂದು ಬರೆದು ಟೈಗ್ ಎನ್ನುತ್ತಾರೆ. ಹೆಸರಿನಲ್ಲೇ ಇಷ್ಟು ಮುಚ್ಚುಮರೆ ಇಟ್ಟುಕೊಂಡ ಮನೆತನ ಇನ್ನೇನೇನು ಮುಚ್ಚಿರಬಹುದು? ಎರಡು, ಅವರು ಕುರಿ ಸಾಕುವವರು. ನನ್ನ ಅಜ್ಜ ಊರಿಗೆಲ್ಲ ಅಯ್ಯನವರು. ಕಾಲು ಮುಟ್ಟಿದವರಿಗೆಲ್ಲ ವಿಭೂತಿ ಕೊಟ್ಟು ಕಳಿಸುತ್ತಿದ್ದರು. ಆ ಮನೆಯ ಮರಿಮೊಮ್ಮಗಳು ಕುರಿಯವರ ಮನೆಗೆ ಹೋದರೆ ಊಟಕ್ಕೆ ಏನು ತಿನ್ನುತ್ತಾಳೆ ಎಂದು ಯೋಚಿಸಿದ್ದೀಯಾ? ನಾನು ಸಿಟ್ಟಿನವನು ಎಂದು ನೀವಿಬ್ಬರೂ ತೀರ್ಮಾನಿಸಿದ್ದೀರಿ. ನನ್ನದು ಸಿಟ್ಟಲ್ಲ, ಹೆದರಿಕೆ.

ನಾಳೆ ಪಶ್ಚಿಮಕ್ಕೆ, ಕ್ಲೇರ್ ಎಂಬ ಕೌಂಟಿಗೆ. ಅಲ್ಲಿ ಪ್ರಸಿದ್ಧ ಕಲ್ಲುಮನೆ ಇದೆ. ಇನ್ನೇನೂ ಕಾರಣವಿಲ್ಲ.

ಇತಿ,
ಬಸಲಿಂಗಯ್ಯ

*

ಅಬ್‌ಸ್ಟಾಟ್
೨೮ ಮೇ ೨೦೨೫

ಕಲ್ಲು ಮುಟ್ಟಿದರೂ ರಾಜರಾಗದವರಿಗೆ,

ಹೆದರಿಕೆ ಎಂದು ಬರೆದಿರಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಆಮೇಲೆ ಕ್ಲೇರ್ ಎಂಬ ಸಾಲು ಓದಿದೆ.

ಹುಡುಗನ ಊರು ಕಿಲ್ಮೋರನ್ ಇರುವುದು ಕ್ಲೇರ್‌ನಲ್ಲೇ. ನಮ್ಮ ಕಡೆ ಹೆಣ್ಣಿನ ಮನೆಯವರು ಗಂಡಿನ ಮನೆ ನೋಡಲು ಹೋಗುತ್ತಾರೆ. ದನದ ಕೊಟ್ಟಿಗೆ ಎಷ್ಟು ಸ್ವಚ್ಛ, ಬಾವಿಯ ನೀರು ಸಿಹಿಯೋ ಉಪ್ಪೋ, ಮುದುಕರಿಗೆ ಮರ್ಯಾದೆ ಇದೆಯೋ ಇಲ್ಲವೋ ನೋಡುತ್ತಾರೆ. ಆದರೆ ಹೇಳಿ ಹೋಗುತ್ತಾರೆ, ಐವರು ಸೇರಿ ಹೋಗುತ್ತಾರೆ. ಒಬ್ಬರೇ ಕದ್ದು ಹೋಗಿ ಬೇಲಿಯ ಸಂದಿಯಿಂದ ಇಣುಕುವುದಿಲ್ಲ. ನೀವು ಹಾಗೆ ಮಾಡುತ್ತೀರಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ಬಂದವರು ನೀರಿಗೆ ಬಾರದೆ ಇರುತ್ತಾರೆಯೆ ಎಂದು ನಮ್ಮವ್ವ ಹೇಳುತ್ತಿದ್ದಳು, ಅದು ನೆನಪಾಯಿತು ಅಷ್ಟೆ.

ಕುರಿ ಸಾಕುವುದು ಉಣ್ಣೆಗೆ. ಅಲ್ಲಿ ಬಟಾಟೆ, ಬ್ರೆಡ್ಡು, ಬೆಣ್ಣೆ ಧಾರಾಳವಾಗಿದೆ. ಬೆಣ್ಣೆ ಬಹಳ ಚೆನ್ನಾಗಿರುತ್ತದೆ.

ಆ ಕಡೆ ಹೋದರೆ ಕೆಂಪು ಗೇಟಿನ ನಂತರ ರಸ್ತೆ ತಗ್ಗುದಿಣ್ಣೆ, ನಿಧಾನವಾಗಿ ಓಡಿಸಿ. ಪವಿ ಹೇಳುತ್ತಿದ್ದಳು.

ಮಹಾಂತಮ್ಮ

*

ಬರೆನ್, ಕ್ಲೇರ್ ಕೌಂಟಿ
೨೯ ಮೇ ೨೦೨೫

ಚಿ. ಸೌ. ಮಹಾಂತಮ್ಮಳಿಗೆ,

ಯಾವ ಕೆಂಪು ಗೇಟು? ಇಲ್ಲಿ ಪ್ರತಿ ಹೊಲಕ್ಕೂ ಗೇಟಿದೆ. ಇರಲಿ.

ಇವತ್ತು ಪೌಲ್ನಾಬ್ರೋನ್ ನೋಡಿದೆ. ಎಲ್ಲಿ ನೋಡಿದರೂ ಬೂದು ಬಂಡೆ, ಬಂಡೆಯ ಸೀಳುಗಳಲ್ಲಿ ಸಣ್ಣ ನೀಲಿ ಹೂ. ನಡುವೆ ನಿಂತ ಕಲ್ಲುಗಳು, ಮೇಲೆ ಹಾಸುಗಲ್ಲು. ಥೇಟ್ ನಮ್ಮ ಮೊರೇರ ಮನೆ! ಹಿರೇಬೆಣಕಲ್ ಗುಡ್ಡದ ಮೇಲಿನದನ್ನು ಯಾರೋ ಎತ್ತಿ ತಂದು ಮಳೆಯಲ್ಲಿ ಇಟ್ಟಂತಿದೆ. ಮೂರಡಿ ಎತ್ತರದ ಮೊರೇರು ಇಂಥ ಕಲ್ಲೆತ್ತಿ ಮನೆ ಕಟ್ಟಿದರು, ಬೆಂಕಿಮಳೆ ಬರುತ್ತದೆಂದು ಒಳಗೆ ಅಡಗಿದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಪವಿ ಚಿಕ್ಕವಳಿದ್ದಾಗ ನನ್ನಿಂದ ಅದೇ ಕಥೆ ಕೇಳದೆ ಮಲಗುತ್ತಿರಲಿಲ್ಲ. ಹೈಲ್‌ಬ್ರೋನಿನ ಶಾಲೆಯಲ್ಲಿ ಕುಳ್ಳರ ಚಿತ್ರ ಬರೆಯಲು ಹೇಳಿದರೆ ಈಕೆ ಹಣೆಗೆ ವಿಭೂತಿ ಹಚ್ಚಿದ ಕುಳ್ಳರನ್ನು ಬರೆದಿದ್ದಳು. ಟೀಚರು ನಮ್ಮನ್ನು ಕರೆಸಿದ್ದರು.

ಇಲ್ಲಿನವರೂ ಕುಳ್ಳ ಜನ ಇದ್ದಾರೆ ಎನ್ನುತ್ತಾರೆ. ಅವರ ಗಿಡ, ಅವರ ದಿಬ್ಬ ಮುಟ್ಟಬಾರದಂತೆ. ರಸ್ತೆಯನ್ನೂ ಸುತ್ತು ಹಾಕಿ ಕಟ್ಟುತ್ತಾರಂತೆ. ಓದಿದವರೂ ಹೀಗೆ ನಂಬುತ್ತಾರಲ್ಲ ಎಂದು ಆಶ್ಚರ್ಯವಾಯಿತು.

ನಾಳೆ ವಿಶ್ರಾಂತಿ. ಹಳ್ಳಿಯ ಕಡೆ ಸ್ವಲ್ಪ ಅಡ್ಡಾಡಿ ಬರಬಹುದು.

ಇತಿ,
ಬಸಲಿಂಗಯ್ಯ

*

ಅಬ್‌ಸ್ಟಾಟ್
೩೧ ಮೇ ೨೦೨೫, ಬೆಳಿಗ್ಗೆ

ಯಜಮಾನರಿಗೆ,

ನಿನ್ನೆ ನಿಮ್ಮ ಪತ್ರ ಬರಲಿಲ್ಲ. ಪವಿ ಫೋನ್ ಎತ್ತುತ್ತಿಲ್ಲ. ಸೋಮವಾರ ಅಲ್ಲಿ ಬ್ಯಾಂಕ್ ರಜೆ, ಶುಕ್ರವಾರವೇ ಕೆಲಸದ ಊರು ಗಾಲ್ವೇಯಿಂದ ಕಿಲ್ಮೋರನ್‌ಗೆ ಹೋಗುತ್ತೇನೆ ಎಂದಿದ್ದಳು. ನೀವು ಜರ್ಮನಿಯ ರಜೆ ಲೆಕ್ಕ ಹಾಕಿದಿರಿ, ಐರ್ಲೆಂಡಿನದನ್ನು ಹಾಕಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾರ್ಚಿನಲ್ಲಿ ಸ್ಟುಟ್‌ಗಾರ್ಟಿನ ಕನ್ನಡ ಹೆಣ್ಣುಮಕ್ಕಳ ಜೊತೆ ಬೋಡನ್‌ಸೇ ಸರೋವರ ನೋಡಲು ಹೋದೆನಲ್ಲ, ಹೋಗಿರಲಿಲ್ಲ. ಕಿಲ್ಮೋರನ್‌ಗೆ ಹೋಗಿದ್ದೆ. ನಿಮಗೆ ತಂದುಕೊಟ್ಟ ಬೋಡನ್‌ಸೇ ಸೇಬು ನಮ್ಮ ಊರಿನ ಅಂಗಡಿಯದೇ.

ಮನೆ ಒಳ್ಳೆಯದು. ಹುಡುಗನಿಗೆ ತಾಯಿತಂದೆ ಇಲ್ಲ, ಅಜ್ಜಿ ನೋರಾ ಸಾಕಿದ್ದಾಳೆ. ಊರ ಶಾಲೆಯಲ್ಲಿ ಮಾಸ್ತರಿಕೆ, ಸಂಜೆ ಕುರಿ. ಗೇಟಿನ ಹತ್ತಿರ ಬಾವಿ, ಬಾವಿಗೆ ಹೊಂದಿ ಒಂದು ಮುಳ್ಳಿನ ಗಿಡ. ಕಾಯಿಲೆ ಇದ್ದವರು ಆ ಗಿಡಕ್ಕೆ ಚಿಂದಿ ಕಟ್ಟುತ್ತಾರೆ, ಚಿಂದಿ ಸವೆದ ಹಾಗೆ ಕಾಯಿಲೆ ಸವೆಯುತ್ತದೆ. ನಮ್ಮೂರಿನ ಗಿಡಕ್ಕೆ ತೊಟ್ಟಿಲು ಕಟ್ಟುವ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ಕೈಚೀಲದಲ್ಲಿ ಗುಳೇದಗುಡ್ಡದ ಖಣವಿತ್ತು, ಒಂದು ತುಂಡು ಹರಿದು ಕಟ್ಟಿದೆ. ಅಜ್ಜಿ ಯಾರಿಗಾಗಿ ಎಂದು ಕೇಳಿದಳು. ನಿಮ್ಮ ಹೆಂಡತಿಯ ಇಂಗ್ಲಿಷು ನಿಮಗೆ ಗೊತ್ತಲ್ಲ. ಮಾತು ಬಿಟ್ಟಾರ ಎನ್ನುವುದನ್ನು "ಮೈ ಹಸ್ಬೆಂಡ್, ಟಾಕಿಂಗ್ ಲೆಫ್ಟ್" ಎಂದೆ. ಆಕೆ ಎದೆ ಮುಟ್ಟಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ.

ಆಮೇಲೆ ತಿಳಿಯಿತು. ನೀವು ಹುಟ್ಟಿನಿಂದ ಅಲ್ಲದಿದ್ದರೂ ಈಚೆಗೆ ಮೂಕರಾದವರು ಎಂದು ಅವರು ನಂಬಿದ್ದಾರೆ. ಪ್ರತಿ ಭಾನುವಾರ ಚರ್ಚಿನಲ್ಲಿ ನಿಮಗಾಗಿ ಪ್ರಾರ್ಥನೆ ನಡೆಯುತ್ತದೆ. ಪವಿಗೆ ಗೊತ್ತು, ಆಕೆ ತಿದ್ದಲಿಲ್ಲ. "ಅವ್ವಾ, ಆ ಅಜ್ಜಿ ಮುಂದ ನಿಮ್ಮ ಮೊಮ್ಮಗನ್ನ ನಮ್ಮಪ್ಪ ಒಲ್ಲೆ ಅಂತಾನ ಅನ್ನೂದಕ್ಕಿಂತ ಮೂಕ ಅನ್ನೂದೇ ಛಲೋ" ಎಂದಳು.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಆ ಮನೆಯ ಹತ್ತಿರ ಹೋದರೆ ದಯವಿಟ್ಟು ಬಾಯಿ ತೆರೆಯಬೇಡಿ.

ಮಹಾಂತಮ್ಮ

*

ಕಿಲ್ಮೋರನ್, ಕ್ಲೇರ್ ಕೌಂಟಿ
೧ ಜೂನ್ ೨೦೨೫

ಮಹಾಂತಿ,

ನಿನ್ನ ಎಚ್ಚರಿಕೆ ಕೈಸೇರುವ ಹೊತ್ತಿಗೆ ನಾನು ಮೂಕನಾಗಿ, ಮಾತು ಬಂದು, ಊರಿಗೆಲ್ಲ ಪವಾಡಪುರುಷನಾಗಿ ಮುಗಿದಿತ್ತು. ಮೊದಲಿನಿಂದ ಹೇಳುತ್ತೇನೆ.

ಹೌದು, ಮನೆ ನೋಡಲೆಂದೇ ಬಂದೆ. ಶುಕ್ರವಾರ ಬೆಳಿಗ್ಗೆ ಕೆಂಪು ಗೇಟು ದಾಟಿ (ಈಗ ಅರ್ಥವಾಯಿತು), ಕಾರು ದೂರ ನಿಲ್ಲಿಸಿ, ಇತಿಹಾಸ ನೋಡುವವನಂತೆ ನಡೆದೆ. ಬಾವಿ ಕಂಡಿತು, ಗಿಡ ಕಂಡಿತು. ಬಿಳಿ ಹೂ ತುಂಬಿದ ಅಷ್ಟು ಚಂದದ ಗಿಡದ ತುಂಬ ಕೊಳಕು ಚಿಂದಿ, ಹರಿದ ಕಾಲುಚೀಲ, ಪ್ಲಾಸ್ಟಿಕ್ ದಾರ, ಮಾಸ್ಕು, ಮಗುವಿನ ಟೊಪ್ಪಿಗೆ. ಬಾಗಿಲಲ್ಲಿರುವ ಗಿಡದ ಕಸ ತೆಗೆಯಲಾರದ ಮನೆಗೆ ನನ್ನ ಮಗಳೇ? ಮಹಾಂತಿ, ಇದು ನಾನು ಮಾಡಿದ್ದಲ್ಲ, ಅಬ್‌ಸ್ಟಾಟ್ ಮಾಡಿಸಿದ್ದು. ಇಪ್ಪತ್ತನಾಲ್ಕು ವರ್ಷ ಫ್ರಾವ್ ಹೇಫೆಲೆಯ ಕೈಕೆಳಗೆ ಕೇರ್‌ವೋಖೆ ಮಾಡಿದವನ ಕೈ ಸುಮ್ಮನಿರುವುದಿಲ್ಲ. ಕೋಟಿನ ಜೇಬಿನಲ್ಲಿ ಕಸದ ಚೀಲ ಇದ್ದೇ ಇರುತ್ತದೆ. ಬಟ್ಟೆ ಒಂದು ಚೀಲ, ಪ್ಲಾಸ್ಟಿಕ್ ಒಂದು ಚೀಲ, ಉಳಿದದ್ದು ರೆಸ್ಟ್‌ಮ್ಯುಲ್, ಬೆರಕೆ ಕಸ. ಇಡೀ ಗಿಡ ಬೋಳಿಸಿದೆ. ಒಂದು ಹೂವೂ ಉದುರದಂತೆ.

ಕೊನೆಗೆ ಒಂದು ಟೊಂಗೆಯಲ್ಲಿ ಖಣದ ತುಂಡು. ಹಸಿರು ಮೈ, ಕೆಂಪು ಅಂಚು. ಐರ್ಲೆಂಡಿನಲ್ಲಿ ಗುಳೇದಗುಡ್ಡದ ಖಣ ಎಲ್ಲಿಂದ ಬಂತೆಂದು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ. ಅದೇ ಹೊತ್ತಿಗೆ ಹಿಂದಿನಿಂದ ಕಿರುಚಿದ ಸದ್ದು. ನೋರಾ ಅಜ್ಜಿ. ಆಕೆಯ ಇಂಗ್ಲಿಷನ್ನು ನಮ್ಮ ಕಡೆಯ ಮಾತಿನಲ್ಲಿ ಬರೆದರೆ ಹೀಗಿತ್ತು: "ಅಯ್ಯೋ ನನ್ನಪ್ಪಾ, ಏನ್ ಮಾಡಿಕೊಂಡ್ಯೋ! ಬಿಚ್ಚಿದವರಿಗೆ ರೋಗ ಹತ್ತತೈತಿ. ಊರಂದೆಲ್ಲಾ ನಿನ್ನ ತಲಿಮ್ಯಾಲೆ ಬಂತಲ್ಲೋ! ಮಂಡಿನೋವು ನಿಂದು, ಸಕ್ರಿ ಕಾಯ್ಲೆ ನಿಂದು, ಮೇರಿಯ ಹೆರಿಗಿ ಬ್ಯಾನೀನೂ ನಿಂದ!"

ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆಗೆ ಬಂದದ್ದು ಸಿಟ್ಟಲ್ಲ, ಕನಿಕರ. ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಕೂರಿಸಿ ಚಹಾ ಕೊಟ್ಟಳು, ಬ್ರೆಡ್ಡು ಕೊಟ್ಟಳು. ಬೆಣ್ಣೆಯ ವಿಷಯದಲ್ಲಿ ನೀನು ಬರೆದದ್ದು ನಿಜ. ಕುರಿ ಉಣ್ಣೆಗೆ ಎಂದು ಬರೆದದ್ದು ಸುಳ್ಳು. ಹಾಲು ತೆಗೆಯಲು ಫ್ರಿಜ್ಜು ತೆರೆದಾಗ ನೋಡಿದೆ, ಅದರಲ್ಲಿದ್ದದ್ದು ಉಣ್ಣೆಯಲ್ಲ. ಆದರೆ ಕೆಳಗಿನ ಖಾನೆಗೆ "ಪವಿ" ಎಂದು ಚೀಟಿ ಅಂಟಿಸಿ, ಬೇರೆ ಪಾತ್ರೆ, ಬೇರೆ ಚಮಚ ಇಟ್ಟಿದ್ದಾರೆ. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲವಂತೆ.

ಯಾವ ಊರು ಎಂದಳು. ಜರ್ಮನಿ ಎಂದೆ. ಹೆಸರು ಹೇಳಲಿಲ್ಲ. ಗಾಬರಿಗೆ ನನಗೆ ಬಾಯಿ ಜಾಸ್ತಿಯಾಗುತ್ತದೆ. ಕೇರ್‌ವೋಖೆ ವಿವರಿಸಿದೆ, ನ್ಯೂಗ್ರೇಂಜ್ ವಿವರಿಸಿದೆ, ಡ್ರಮ್ ಬ್ರೇಕಿಗೂ ಡಿಸ್ಕ್ ಬ್ರೇಕಿಗೂ ಇರುವ ವ್ಯತ್ಯಾಸ ವಿವರಿಸಿದೆ. ಅಜ್ಜಿ ತಲೆದೂಗಿ, ಮೇಜಿನ ಮೇಲಿದ್ದ ಖಣ ಎತ್ತಿಕೊಂಡು, "ಇದರ ಕಥಿ ಕೇಳು" ಎಂದಳು. ನಮ್ಮ ಟೈಗ್ ಮದುವೆಯಾಗುವ ಹುಡುಗಿಯ ಅಪ್ಪ ಮೂಕನಾಗಿದ್ದಾನೆ, ಹೆಂಡತಿ ಅಷ್ಟು ದೂರದಿಂದ ಬಂದು ಇದನ್ನು ಕಟ್ಟಿ ಹೋದಳು, ಪಾಪದ ಹೆಂಗಸು. ನನ್ನ ಬಾಯಲ್ಲಿದ್ದ ಬ್ರೆಡ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಖಣ ಯಾರದು, ಹೆಂಡತಿ ಯಾರು, ಬೋಡನ್‌ಸೇ ಸೇಬು ಎಲ್ಲಿಯದು, ಎಲ್ಲ ಒಟ್ಟಿಗೇ ತಿಳಿಯಿತು.

ಆಕೆ ನಿಲ್ಲಿಸಲಿಲ್ಲ. "ಭಾಳ ದೊಡ್ಡ ಮನಸ್ಯಾ ಇರಬೇಕು. ಮೂರಡಿ ಮಂದಿ ಕಲ್ಲಿನ ಮನಿ ಕಟ್ಟಿದ್ದು, ಬೆಂಕಿಮಳಿಗೆ ಅಂಜಿದ್ದು, ಎಲ್ಲಾ ಕಥಿ ಅಪ್ಪನ ಹೇಳ್ಯಾನಂತ. ಆ ಹುಡುಗಿ ನಮಗ ಹೇಳಾಕ ಕುಂತ್ರ ನಾವು ಟಿ.ವಿ. ಆರಿಸ್ತೇವಿ. ಈಗ ಪಾಪ ಕೈಸನ್ನಿ ಮಾಡಿ ಹೇಳ್ತಿರಬೇಕು."

ಮಹಾಂತಿ, ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಐದು ತಿಂಗಳು ಮಗಳ ಫೋನ್ ಎತ್ತದ ಅಪ್ಪನ ಮಾನವನ್ನು ಆಕೆ ಯಾರದೋ ಅಡಿಗೆಮನೆಯಲ್ಲಿ ಕಾಪಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಹಾಗೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೂ ಬರೆದಿದ್ದೇನೆ.

ಕಿಟಕಿಯ ಹೊರಗೆ ಇಳಿಜಾರಿನಲ್ಲಿ ಒಂದು ಸಣ್ಣ ಕಾರು ಬಂದು ನಿಂತಿತು. ಪವಿ ಇಳಿದಳು. ರಬ್ಬರ್ ಬೂಟು ಹಾಕಿಕೊಂಡು, ಕಾರಿಗೆ ಬೆನ್ನು ಮಾಡಿ ಗೇಟಿನ ಚಿಲಕ ತೆಗೆಯುತ್ತಿದ್ದಾಳೆ. ಹಿಂದೆ ಕಾರು ಮೆಲ್ಲಗೆ ಉರುಳಲು ಶುರುವಾಯಿತು. ನಾನು ಹೊರಗೆ ಓಡಿದ್ದು ಹೇಗೋ ಗೊತ್ತಿಲ್ಲ. ಗಂಗಾವತಿಗೆ ಕೇಳಿಸುವಂತೆ ಕೂಗಿದೆ: "ಪವೀ! ಸರಿ ಆಕಡೆ! ಹ್ಯಾಂಡ್‌ಬ್ರೇಕ್ ಹಾಕಿಲ್ಲಲೇ ಹುಚ್ಚೀ!"

ಆಕೆ ಪಕ್ಕಕ್ಕೆ ಹಾರಿದಳು. ಕಾರು ಗೇಟು ಮುರಿದುಕೊಂಡು ಹೋಗಿ ತಿಪ್ಪೆಯಲ್ಲಿ ಮೂಗು ಹೂತು ನಿಂತಿತು. ಮಗಳಿಗೆ ಏನೂ ಆಗಿಲ್ಲ, ಒಂದು ಗೀರೂ ಇಲ್ಲ. ಹೆದರಬೇಡ. ಆಕೆ ಕಾರಿನ ಕಡೆ ನೋಡಲೇ ಇಲ್ಲ. "ಪಾಪಾ?" ಎಂದಳು.

ಬಾಗಿಲಲ್ಲಿ ಅಜ್ಜಿಯ ಕೈಯಿಂದ ಕಪ್ಪು ಬಿತ್ತು. "ಪಾಪಾ? ಇವನೇನ ಆ ಮೂಕಪ್ಪ?" ಆಮೇಲೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು, "ಖಣ ಬಿಚ್ಚಿದ ಕೂಡಲೇ ಬಾಯಿ ಬಂದೈತಿ! ಅದಕ್ಕ ಈ ಮನಸ್ಯಾ ಮುಂಜಾನಿಂದ ಒಂದಸವನ ಮಾತಾಡಾಕತ್ತಾನ!" ಎಂದಳು.

ಆಮೇಲೆ ಆದದ್ದನ್ನು ಪವಿಯೇ ಹೇಳಲಿ. ನಾನು ಬೈದೆ. ಅಂಗಳದಲ್ಲಿ ನಿಂತು, ಇಳಿಜಾರಿನಲ್ಲಿ ಗಾಡಿ ಹೇಗೆ ನಿಲ್ಲಿಸಬೇಕು ಎಂಬುದರಿಂದ ಹಿಡಿದು ಸಂಕ್ರಾಂತಿಯಿಂದ ಉಳಿಸಿಕೊಂಡ ಬೈಗುಳವನ್ನೆಲ್ಲ ಬೈದೆ. ಆಕೆ ಮೊದಲು ಜರ್ಮನ್‌ನಲ್ಲಿ "ಯಾ ಪಾಪಾ, ಯಾ ಪಾಪಾ" ಎನ್ನುತ್ತಿದ್ದಳು. ಆಮೇಲೆ ಅಳುತ್ತ ನಗುತ್ತ ಕನ್ನಡದಲ್ಲಿ, "ಇನ್ನಷ್ಟು ಬೈ ಅಪ್ಪಾ" ಎಂದಳು.

ಆಕೆಗೆ ಗಾಡಿ ನಿಲ್ಲಿಸಲು ಹೀಗೆ ಕಲಿಸಿದವನು ಯಾರು ಎಂದು ಕೇಳಿದೆ. ಆಗಷ್ಟೇ ಶಾಲೆಯಿಂದ ಬಂದಿದ್ದ ಕೆಂಪು ಕೂದಲಿನ ಹುಡುಗ, ಅದೇ ಟೈಗ್, ಮುಂದೆ ಬಂದು, "ನಾನೇ ಸರ್" ಎಂದ. ಅವನನ್ನೂ ಬೈದೆ. ತಲೆ ತಗ್ಗಿಸಿ ಪೂರ್ತಿ ಕೇಳಿದ, ಒಂದು ಮಾತೂ ಎದುರಾಡಲಿಲ್ಲ. ಬ್ರೇಕಿನ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ, ಬೈಸಿಕೊಳ್ಳಲು ಮಾತ್ರ ಚೆನ್ನಾಗಿ ಗೊತ್ತು. ನಮ್ಮ ಮನೆಗೆ ಅಷ್ಟು ಸಾಕು. ಆಗಸ್ಟಿಗೆ ನನ್ನ ರಜೆ ಬರೆಸಿಬಿಟ್ಟಿದ್ದೇನೆ.

ನಿನ್ನೆ ಇಡೀ ದಿನ ನಾವು ನಾಲ್ವರೂ ಚಿಂದಿಗಳನ್ನು ಮತ್ತೆ ಗಿಡಕ್ಕೆ ಕಟ್ಟಿದೆವು. ಯಾವುದು ಯಾವ ಟೊಂಗೆಯದು ಎಂಬ ಗೊಂದಲದಲ್ಲಿ ಮೇರಿಯ ಹೆರಿಗೆ ನೋವು ಮುದುಕ ಪ್ಯಾಡಿಯ ಮಂಡಿನೋವಿನ ಜಾಗಕ್ಕೆ ಹೋಗಿರಬಹುದು. ಶಿವನೇ ಗತಿ. ಖಣವನ್ನು ಮಾತ್ರ ಅಜ್ಜಿ ಕಟ್ಟಗೊಡಲಿಲ್ಲ, "ಇದರ ಕೆಲಸ ಮುಗೀತು" ಎಂದಳು. ಇವತ್ತು ಚರ್ಚು ಬಿಟ್ಟ ಮೇಲೆ ಊರು ಊರೇ ನನ್ನನ್ನು ನೋಡಲು ಬಂದಿತ್ತು. ಮೂಕನಾಗಿರಲಿಲ್ಲ ಎಂದು ಹೇಳಲು ಹೋದರೆ "ಎಷ್ಟು ಸ್ಪಷ್ಟ ಮಾತಾಡ್ತಾನ ನೋಡ್ರಿ" ಎಂದು ಚಪ್ಪಾಳೆ ತಟ್ಟಿದರು. ಒಬ್ಬಾತ ಕೆಮ್ಮುವ ಆಕಳು ತಂದು, ಮುಟ್ಟಿ ಹರಸು ಎಂದ. ಅಯ್ಯನವರ ಕೆಲಸ ಬೇಡವೆಂದು ಎಂಜಿನಿಯರ್ ಆದೆ. ಹಣೆಬರಹ ಐರ್ಲೆಂಡಿಗೂ ವೀಸಾ ತೆಗೆದುಕೊಂಡು ಬಂದಿದೆ. ಮುಟ್ಟಿದೆ. ಆಕಳು ಕೆಮ್ಮಿತು.

ನಿನ್ನ ಶರತ್ತು ಪೂರೈಸಿದ್ದೇನೆ. ಸಂಜೆ ಫೋನ್ ಮಾಡುತ್ತೇನೆ. ನಿನ್ನ ದನಿ ಕೇಳದೆ ಬಹಳ ದಿನವಾಯಿತು.

ನಿನ್ನ,
ಬಸಲಿಂಗಯ್ಯ

*

ಅಬ್‌ಸ್ಟಾಟ್
೨ ಜೂನ್ ೨೦೨೫

ರೀ,

ನಿನ್ನೆ ಫೋನಿನಲ್ಲಿ ಆದದ್ದಕ್ಕೆ ಏನೂ ತಿಳಿಯಬೇಡಿ. ನಿಮ್ಮ ಪತ್ರವನ್ನು ಬೇಕರಿಯಿಂದ ಬಂದು, ಚಪ್ಪಲಿ ಕೂಡ ಬಿಡದೆ, ಮೆಟ್ಟಿಲ ಮೇಲೆ ಕೂತು ಓದಿದ್ದೆ. ಏನೇನು ಹೇಳಬೇಕೆಂದು ಸಾಲಾಗಿ ಇಟ್ಟುಕೊಂಡಿದ್ದೆ. ನೀವು ಕದ್ದು ಹೋದದ್ದಕ್ಕೆ ನಾಲ್ಕು ಮಾತು, ಕೋತಿ ತಾನು ಕೆಟ್ಟದ್ದಲ್ಲದೆ ವನವನ್ನೆಲ್ಲ ಕೆಡಿಸಿದ ಹಾಗೆ ಆ ಗಿಡ ಬೋಳಿಸಿದ್ದಕ್ಕೆ ನಾಲ್ಕು ಮಾತು. ಫೋನ್ ಬಂತು. ನೀವು "ಮಹಾಂತೀ" ಎಂದಿರಿ. ಅದರ ಹಿಂದೆಯೇ ಆ ಕಡೆಯಿಂದ ಪವಿ "ಅವ್ವಾ, ಅಪ್ಪ ನನ್ನ ಜೋಡಿ ಮಾತಾಡಿದ" ಎಂದು ಕೂಗಿದಳು. ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ನೀವು ಹಲೋ ಹಲೋ ಎನ್ನುತ್ತಲೇ ಇದ್ದಿರಿ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಕೊನೆಗೆ ಇಟ್ಟುಬಿಟ್ಟೆ.

ಇವತ್ತು ಪವಿ ಫೋನ್ ಮಾಡಿದ್ದಳು. ನೀವು ಹಲೋ ಎನ್ನುತ್ತ ನಿಂತಿದ್ದನ್ನು ಅಜ್ಜಿ ನೋಡುತ್ತಿದ್ದಳಂತೆ. "ಖಣ ಬಿಚ್ಚಿದವನಿಗೆ ಹತ್ತಲಿಲ್ಲ, ಕಟ್ಟಿದಾಕಿಗೆ ಹತ್ತಿತು" ಎಂದು ಮರುಗಿ, ನನ್ನ ಹೆಸರಿನಲ್ಲಿ ತನ್ನ ಮೇಲಂಗಿಯ ಅಂಚು ಹರಿದು ಗಿಡಕ್ಕೆ ಕಟ್ಟಿದಳಂತೆ. ಈಗ ಚರ್ಚಿನಲ್ಲಿ ನನಗಾಗಿ ಪ್ರಾರ್ಥನೆ.

ನೀವು ಅಜ್ಜಿಗೆ ನಿಜ ಹೇಳಲು ಹೋಗಬೇಡಿ. ಆಗಸ್ಟಿನವರೆಗೆ ನಾನು ಮೂಕಿಯಾಗಿಯೇ ಇರುತ್ತೇನೆ. ಮದುವೆಯಲ್ಲಿ ಅಷ್ಟೂ ಜನ ಬೀಗರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ತಪ್ಪುತ್ತದೆ.

ಮಹಾಂತಿ